ಮೀನೆಣ್ಣೆಯ ಎರಡು ಕಥೆ

ಹತ್ತಿಕುಣಿಗೆ ಜಲಾಶಯ ಇದೆ, ಸಮುದ್ರ ದೂರ. ಆದ್ರೂ ಊರಲ್ಲಿ ಕೇಳ್ತಾರೆ, "ಮೀನೆಣ್ಣಿ ಗುಳಿಗಿ ಹಾರ್ಟಿಗೆ ಚಲೋ ಅಂತಲ್ಲ ತಮ್ಮಾ?"

ಇಲ್ಲಿ ಎರಡು ಕಥೆ ಬೆರೆತಿವೆ. ಕಾಡ್ ಮೀನಿನ ಲಿವರ್ ಎಣ್ಣೆ ಮಕ್ಕಳ ರಿಕೆಟ್ಸ್‌ಗೆ ಔಷಧಿಯಾಗಿತ್ತು. 1922ರಲ್ಲಿ ಮೆಕಾಲಂ ಅದರಲ್ಲಿ ಡಿ ವಿಟಮಿನ್ ಗುರುತಿಸಿದರು. ಎರಡನೇ ಮಹಾಯುದ್ಧದಲ್ಲಿ ಆಮದು ಕಷ್ಟವಾದಾಗ ಕಲ್ಲಿಕೋಟೆಯಲ್ಲಿ ಶಾರ್ಕ್ ಲಿವರ್ ಎಣ್ಣೆ ತಯಾರಾಯ್ತು.

ಹಾರ್ಟಿನ ಕಥೆ ಬೇರೆ. 1970ರ ದಶಕದಲ್ಲಿ ಬ್ಯಾಂಗ್, ಡೈರ್‌ಬರ್ಗ್ ಗ್ರೀನ್‌ಲ್ಯಾಂಡಿನ ಇನ್ಯೂಟರ ರಕ್ತ ಪರೀಕ್ಷಿಸಿ ಒಮೆಗಾ-3ರತ್ತ ಬೆರಳು ತೋರಿಸಿದರು. ಆದರೆ 2018ರಲ್ಲಿ ಬಂದ ವೈಟಲ್ ಅಧ್ಯಯನದಲ್ಲಿ (25,871 ಜನ) ದಿನಕ್ಕೆ 1 ಗ್ರಾಂ ತಗೊಂಡವರಿಗೆ ಹೃದಯಾಘಾತ, ಸ್ಟ್ರೋಕ್, ಹೃದ್ರೋಗದ ಸಾವು ಸೇರಿಸಿದ ಲೆಕ್ಕದಲ್ಲಿ ಗಮನಾರ್ಹ ಲಾಭ ಕಾಣಲಿಲ್ಲ.

ಡೋಸ್ ಹೆಚ್ಚಾದರೆ ಎದೆಬಡಿತ ತಾಳ ತಪ್ಪಬಹುದು. ರಕ್ತ ತೆಳುವಾಗಿಸೋ ಗುಳಿಗೆ ತಗೊಳ್ಳುವವರು ಮೊದಲು ಡಾಕ್ಟರನ್ನು ಕೇಳಿ. ಗರ್ಭಿಣಿಯರಿಗೆ ಲಿವರ್ ಎಣ್ಣೆ ಬೇಡ, ಅದರಲ್ಲಿ ಎ ವಿಟಮಿನ್ ಜಾಸ್ತಿ.