ಕುರ್ಚಿ ಸಿಕ್ಕಿತು, ಮಾತು ಸಿಕ್ಕಿತೇ?

ಕರ್ನಾಟಕದಲ್ಲಿ 1987ರ ಮಂಡಲ ಪಂಚಾಯ್ತಿ ಚುನಾವಣೆಯಲ್ಲೇ ಮಹಿಳೆಯರಿಗೆ ಶೇ. 25 ಸ್ಥಾನ ಮೀಸಲಿತ್ತು. ಆದರೆ ಗೆದ್ದವಳು ಹೆಂಡತಿ, ಸಭೆಯಲ್ಲಿ ಮಾತಾಡುವವನು ಗಂಡ ಎಂಬುದನ್ನು ಇಂದಿಗೂ ಕಾಣುತ್ತೇವೆ. ದೊಡ್ಡ ಕಂಪನಿಗಳ ಕಥೆಯೂ ಹೀಗೇ ಇದೆ.

ಕಂಪನಿಯ ದೊಡ್ಡ ತೀರ್ಮಾನಗಳೆಲ್ಲ ಆಗುವುದು ನಿರ್ದೇಶಕರ ಮಂಡಳಿಯಲ್ಲಿ. ಅಲ್ಲಿ ಶೇ. 40 ಮಹಿಳೆಯರಿರಬೇಕೆಂದು 2003ರಲ್ಲಿ ನಾರ್ವೆ ದೇಶ ಕಾನೂನು ತಂದಿತು. 2008ರ ಹೊತ್ತಿಗೆ ಪಾಲಿಸದ ಕಂಪನಿಯನ್ನು ಮುಚ್ಚಿಸುವ ಎಚ್ಚರಿಕೆಯೂ ಇತ್ತು. ಇದರಿಂದ ಕಂಪನಿಗಳಿಗೆ ಲಾಭವಾಯಿತೇ? ಅವುಗಳ ಬೆಲೆ ಕುಸಿಯಿತು ಎಂದಿತು 2012ರ ಒಂದು ಅಧ್ಯಯನ. ಆಮೇಲೆ ಬೇರೆಯವರು ಲೆಕ್ಕ ಹಾಕಿ, ಹಾಗೇನೂ ಆಗಿಲ್ಲ ಎಂದರು.

ಭಾರತದಲ್ಲಿ 2013ರ ಕಂಪನಿ ಕಾಯ್ದೆ, ಷೇರುಪೇಟೆಯಲ್ಲಿರುವ ಪ್ರತಿ ಕಂಪನಿಗೂ ಕನಿಷ್ಠ ಒಬ್ಬ ನಿರ್ದೇಶಕಿ ಬೇಕೆಂದಿತು. ಹಲವು ಮಾಲೀಕರು ಮನೆಯ ಹೆಣ್ಣುಮಕ್ಕಳನ್ನೇ ತಂದು ಕೂರಿಸಿದರು. ಆಗ ಸೆಬಿ, ಮಾಲೀಕರ ಮನೆತನಕ್ಕೆ ಸೇರದ ಸ್ವತಂತ್ರ ನಿರ್ದೇಶಕಿಯೇ ಬೇಕೆಂದಿತು. ಈ ನಿಯಮ 2019ರಲ್ಲಿ ಮೊದಲ 500 ಕಂಪನಿಗಳಿಗೆ, 2020ರಲ್ಲಿ 1000 ಕಂಪನಿಗಳಿಗೆ ಬಂತು.

ಲೆಕ್ಕ ತುಂಬಿಸಲು ಕೂರಿಸಿದ ಮೇಲೆ ಲಾಭ ಹುಡುಕಿದರೆ ಎಲ್ಲಿ ಸಿಗುತ್ತದೆ? ಕಡತ ಓದಿ, "ಈ ಸಾಲ ಯಾಕೆ?" ಎಂದು ಕೇಳುವ ಹೆಣ್ಣುಮಗಳಿಗೆ ಉತ್ತರ ಕೊಡಲೇಬೇಕಾದಾಗ ಕಂಪನಿಯೂ ಬದಲಾಗುತ್ತದೆ, ಪಂಚಾಯ್ತಿಯೂ ಬದಲಾಗುತ್ತದೆ.