ಬಿಲ್ಲಿನ ತಟ್ಟೆಯಲ್ಲಿ ಬಿಟ್ಟುಬಂದ ಚಿಲ್ಲರೆ

ಹೋಟೆಲಿನಲ್ಲಿ ತಿಂಡಿ ತಿಂದು ಎದ್ದೇಳುವ ಹೊತ್ತಿಗೆ ನಮ್ಮಲ್ಲಿ ಹೆಚ್ಚಿನವರಿಗೆ ಒಂದು ಸಣ್ಣ ಕಸಿವಿಸಿ. ಸೋಂಪಿನ ತಟ್ಟೆಯಲ್ಲಿ ವಾಪಸು ಬಂದ ಚಿಲ್ಲರೆಯಲ್ಲಿ ಎಷ್ಟು ಬಿಡಬೇಕು, ಎಷ್ಟು ಎತ್ತಿಕೊಳ್ಳಬೇಕು ಅಂತ. ಕೆಲವರು ನೋಟು ಎತ್ತಿ ನಾಣ್ಯ ಬಿಡುತ್ತಾರೆ. ಕೆಲವರು ಎಲ್ಲವನ್ನೂ ಎತ್ತಿಕೊಂಡು, ಮೇಲೆ ಒಂದು ಮುಷ್ಟಿ ಸೋಂಪನ್ನೂ ಬಾಯಿಗೆ ಹಾಕಿಕೊಂಡು ನಡೆಯುತ್ತಾರೆ. ಇನ್ನು ಕೆಲವರು ಪಕ್ಕದಲ್ಲಿ ನೆಂಟರಿದ್ದರೆ ಮಾತ್ರ ಧಾರಾಳಿಗಳು!

ಈ ಚಿಲ್ಲರೆಗೂ ಒಂದು ಚರಿತ್ರೆಯಿದೆ. ಮುಂಬಯಿಯ ಮಟ್ಟಿಗೆ ಹೇಳುವುದಾದರೆ ಅದರ ದೊಡ್ಡ ಭಾಗ ಕನ್ನಡ ಕರಾವಳಿಯಿಂದ ಬಂದವರ ಚರಿತ್ರೆಯೇ. ತಟ್ಟೆಯಲ್ಲಿ ಬಿಟ್ಟ ಆಣೆಯನ್ನು ಎತ್ತಿಕೊಂಡ ಕೈ ಬಹಳ ವರ್ಷ ನಮ್ಮೂರ ಹುಡುಗರದೇ ಆಗಿತ್ತು.

ಮೊದಲು ಪದಗಳನ್ನು ನೋಡೋಣ. ಭಕ್ಷೀಸು ಪರ್ಷಿಯನ್ನಿನಿಂದ ಬಂದದ್ದು, ಇನಾಮು ಅರಬ್ಬಿಯಿಂದ. ಎರಡರಲ್ಲೂ ಕೊಡುವವನು ಮೇಲೆ, ತೆಗೆದುಕೊಳ್ಳುವವನು ಕೆಳಗೆ. ಟಿಪ್ಸು ಇಂಗ್ಲಿಷಿನದು. ‘ಬೇಗ ಸೇವೆ ಸಿಗಲಿ’ ಎಂಬರ್ಥದ ಮೂರು ಇಂಗ್ಲಿಷ್ ಪದಗಳ ಮೊದಲಕ್ಷರ ಸೇರಿ ಟಿಪ್ ಆಯಿತು ಅಂತ ಒಂದು ಕಥೆ ಆಗಾಗ ಮೇಲ್‌ನಲ್ಲಿ ಬರುತ್ತಿರುತ್ತದೆ. ಕಥೆ ಚೆನ್ನಾಗಿದೆ, ನಿಜವಲ್ಲ. ಪದಕೋಶದವರು ಅದನ್ನು ಒಪ್ಪುವುದಿಲ್ಲ. ನಮ್ಮಲ್ಲಂತೂ ಏಕವಚನವೂ ಟಿಪ್ಸೇ, ಬಹುವಚನವೂ ಟಿಪ್ಸೇ. ಒಂದು ರೂಪಾಯಿ ಬಿಟ್ಟರೂ ಟಿಪ್ಸು!

ತೆಗೆದುಕೊಳ್ಳುವವನ ಹೆಸರು ಮಾಣಿ. ಕುಂದಾಪುರದ ಕಡೆಯವರಿಗೆ, ಹವ್ಯಕರಿಗೆ ಗೊತ್ತು, ಮಾಣಿ ಅಂದರೆ ಹುಡುಗ ಅಂತಷ್ಟೇ. ಮನೆಯಲ್ಲಿ ಅಜ್ಜಿ ಮೊಮ್ಮಗನನ್ನು ಕರೆಯುವ ಪದ. ಹಳೆಗನ್ನಡದಲ್ಲಿ ಜನಿವಾರ ಹಾಕಿದ ವಟುವಿಗೂ ಮಾಣಿ ಅನ್ನುತ್ತಿದ್ದರು. ಅದೇ ಪದ ಹೋಟೆಲಿನ ಬಾಗಿಲು ದಾಟಿದಾಗ ‘ಏ ಮಾಣೀ, ನೀರು!’ ಆಯಿತು. ಆಮೇಲೆ ಬಂದ ‘ಸಪ್ಲಾಯರ್’ ಎಂಬ ಪದಕ್ಕೆ ಕೊಂಚ ಮರ್ಯಾದೆ ಇತ್ತು. ಮುಂಬಯಿಯ ಗಿರಾಕಿಗೆ ಮಾತ್ರ ಅವನು ‘ಛೋಕ್ರಾ’.

ಈ ಮಾಣಿಗಳು ಮುಂಬಯಿಗೆ ಬಂದದ್ದಾದರೂ ಹೇಗೆ? ಕರಾವಳಿಯಲ್ಲಿ ಸಣ್ಣ ಹಿಡುವಳಿ, ದೊಡ್ಡ ಸಂಸಾರ. ಅದರ ಮೇಲೆ 1923ರಲ್ಲಿ ದೊಡ್ಡ ನೆರೆ ಬಂತು. ಬಂಟ್ವಾಳ, ಪಾಣೆಮಂಗಳೂರಿನ ಕಡೆಯ ಹಳಬರು ಅದನ್ನು ಬಹುಕಾಲ ನೆನೆಯುತ್ತಿದ್ದರು. ಊರಲ್ಲಿ ಹೊಟ್ಟೆ ತುಂಬದ ಹುಡುಗರು ಮಂಗಳೂರಿನಿಂದ ಹಡಗು ಹತ್ತಿ ಮುಂಬಯಿ ಧಕ್ಕೆಯಲ್ಲಿ ಇಳಿದರು. ಮದ್ರಾಸಿಗೆ ಹೋದವರೂ ಇದ್ದರು. ಮದ್ರಾಸಿನಲ್ಲಿ 1938ರಲ್ಲಿ ವುಡ್‌ಲ್ಯಾಂಡ್ಸ್ ಹೋಟೆಲ್ ತೆರೆದ ಕಡಂದಲೆಯ ಕೃಷ್ಣ ರಾಯರು ಅಡುಗೆಮನೆಯ ಚಾಕರಿಯಿಂದಲೇ ಮೇಲೆ ಬಂದವರು. 1942ರಲ್ಲಿ ಮಾಟುಂಗದಲ್ಲಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಆರಂಭಿಸಿದ ರಾಮ ನಾಯಕರೂ ಹುಡುಗನಾಗಿ ಮುಂಬಯಿಗೆ ಬಂದು ಅಡುಗೆಮನೆಯಲ್ಲಿ ದುಡಿದವರೇ. 1974ರ ಭೂಸುಧಾರಣೆಯ ನಂತರ ಗೇಣಿ ನಿಂತುಹೋದ ಮನೆಗಳಿಂದ ಇನ್ನೊಂದು ಅಲೆ ಬಂತು. ಊರಲ್ಲಿ ಧಣಿಯ ಮಗ ಅನಿಸಿಕೊಂಡವನೂ ಇಲ್ಲಿ ಬಂದು ಟೇಬಲ್ ಒರೆಸಿದ.

ಈ ಹುಡುಗರ ದಿನಚರಿ ಹಳೆಯ ಮುಂಬಯಿಕರರಿಗೆ ಹೊಸದಲ್ಲ. ನಸುಕಿಗೆ ಎದ್ದು ಹಿಟ್ಟು ರುಬ್ಬುವುದು, ಹಗಲಿಡೀ ಬಡಿಸುವುದು, ರಾತ್ರಿ ಶಟರ್ ಎಳೆದ ಮೇಲೆ ಅವೇ ಟೇಬಲುಗಳನ್ನು ಜೋಡಿಸಿ ಮಲಗುವುದು. ಊಟ, ವಸತಿ ಧಣಿಯದು. ಸಂಬಳ ಹುಡುಗನ ಕೈಗೆ ಬರುತ್ತಿದ್ದದ್ದು ಕಡಿಮೆ. ಧಣಿಯ ಪುಸ್ತಕದಲ್ಲಿ ಜಮಾ ಆಗಿ, ಮನಿಯಾರ್ಡರಾಗಿ ಊರಿಗೆ ಹೋಗುತ್ತಿತ್ತು, ಇಲ್ಲವೇ ವರ್ಷಕ್ಕೋ ಎರಡು ವರ್ಷಕ್ಕೋ ಊರಿಗೆ ಹೊರಟಾಗ ಒಟ್ಟಿಗೆ ಸಿಗುತ್ತಿತ್ತು. ಕಪ್ಪು ಒಡೆದರೆ ಅದರಲ್ಲೇ ಕಡಿತ. ಗಿರಾಕಿ ದುಡ್ಡು ಕೊಡದೆ ಜಾರಿಕೊಂಡರೆ ಅದೂ ಸಪ್ಲಾಯರನ ತಲೆಗೆ.

ಈಗ ಟಿಪ್ಸಿನ ಬೆಲೆ ಏನು ಅಂತ ಯೋಚಿಸಿ. ಸಂಬಳ ಊರಿನದು, ಟಿಪ್ಸು ಅವನದು. ಸೋಪು, ಕೊಬ್ಬರಿ ಎಣ್ಣೆ, ಅಮ್ಮನಿಗೆ ಕಾಗದ ಬರೆಯಲು ಇನ್‌ಲ್ಯಾಂಡು, ತಿಂಗಳಿಗೊಂದು ಸಿನಿಮಾ ಎಲ್ಲ ಆ ಆಣೆ, ಎರಡಾಣೆಯಲ್ಲೇ. ಯಾರ ಅಪ್ಪಣೆಯೂ ಇಲ್ಲದೆ ಖರ್ಚು ಮಾಡಬಹುದಾದ ದುಡ್ಡು ಅವನ ಬದುಕಿನಲ್ಲಿ ಅದೊಂದೇ. ಕೊಟ್ಟವನಿಗೆ ಇದು ಗೊತ್ತಿರಲಿಲ್ಲ. ತಾನು ಭಕ್ಷೀಸು ಕೊಟ್ಟೆ ಅಂದುಕೊಂಡು ಎದ್ದುಹೋಗುತ್ತಿದ್ದ.

ಆ ದುಡ್ಡಿನಲ್ಲೇ ಎಷ್ಟೋ ಜನರ ನೋಟುಪುಸ್ತಕವೂ ಬಂತು. ಮುಂಬಯಿಯ ಕನ್ನಡ ರಾತ್ರಿ ಶಾಲೆಗಳ ಬಗ್ಗೆ ನಿಮಗೆ ಗೊತ್ತಿರಬಹುದು. ಇಪ್ಪತ್ತನೇ ಶತಮಾನದ ಮೊದಲ ದಶಕಗಳಿಂದಲೇ ಮೊಗವೀರರು ಮತ್ತು ಬೇರೆ ಸಮಾಜಗಳ ಸಂಘಸಂಸ್ಥೆಗಳು ಇಂಥ ಶಾಲೆಗಳನ್ನು ನಡೆಸಿದವು. ಹಗಲು ಹೋಟೆಲಿನಲ್ಲಿ, ಕ್ಯಾಂಟೀನಿನಲ್ಲಿ ದುಡಿದ ಹುಡುಗರು ಸಂಜೆ ಅಂಗಿ ಬದಲಿಸಿ ಓಡಿಬರುತ್ತಿದ್ದರು. ಸಂಜೆ ಗಿರಾಕಿ ಹೆಚ್ಚು, ಆದ್ದರಿಂದ ಹುಡುಗನನ್ನು ಬಿಡಲು ಧಣಿಗೆ ಮನಸ್ಸಿರಬೇಕು. ಬಿಟ್ಟ ಧಣಿಗಳಿದ್ದರು, ಬಿಡದವರೂ ಇದ್ದರು. ಆ ಶಾಲೆಗಳಲ್ಲಿ ಕಲಿತು ಬ್ಯಾಂಕು ಸೇರಿದವರು, ವಕೀಲರಾದವರು, ತಾವೇ ಹೋಟೆಲ್ ಇಟ್ಟವರು ಬಹಳ ಮಂದಿ.

ಇನ್ನು ಗಿರಾಕಿಗಳ ವರ್ತನೆ. ಹಿಂದೆ ಎಲ್ಲ ಚೆನ್ನಾಗಿತ್ತು, ಈಗ ಕೆಟ್ಟಿತು ಅನ್ನುವ ಮಾತು ಇಲ್ಲಿ ನಡೆಯುವುದಿಲ್ಲ. ಹಿಂದಿನ ಗಿರಾಕಿ ಬಡಿಸುವವನ ಕೈ ಶುಚಿಯಾಗಿದೆಯೇ ಅಂತ ನೋಡುವ ಮೊದಲು ಜಾತಿ ವಿಚಾರಿಸುತ್ತಿದ್ದ. ‘ಬ್ರಾಹ್ಮಣರ ಹೋಟೆಲ್’ ಅನ್ನುವ ಬೋರ್ಡು ಆ ವಿಚಾರಣೆಗೆ ಕೊಟ್ಟ ಉತ್ತರ. ಎಷ್ಟೋ ಕಡೆ ಕೂರುವ ಜಾಗವೂ ಬೇರೆ, ಲೋಟವೂ ಬೇರೆ. ಹೋಟೆಲುಗಳಿಗೆ, ಅಂಗಡಿಗಳಿಗೆ ಯಾರನ್ನೂ ಜಾತಿಯ ಕಾರಣಕ್ಕೆ ತಡೆಯಬಾರದು ಅಂತ ಸಂವಿಧಾನದ 15ನೇ ವಿಧಿ 1950ರಲ್ಲಿ ಹೇಳಿತು. 1955ರಲ್ಲಿ ಅಸ್ಪೃಶ್ಯತೆಯ ವಿರುದ್ಧ ಕಾಯ್ದೆಯೂ ಬಂತು. ಆದರೂ 1957ರಲ್ಲಿ ಮದ್ರಾಸಿನ ತಿರುವಲ್ಲಿಕೇಣಿಯ ಒಂದು ಹೋಟೆಲಿನ ಬೋರ್ಡಿನಿಂದ ‘ಬ್ರಾಹ್ಮಣ’ ಪದ ತೆಗೆಸಲು ಪೆರಿಯಾರ್ ಅನುಯಾಯಿಗಳು ಚಳವಳಿಯನ್ನೇ ಮಾಡಬೇಕಾಯಿತು. ಕಾನೂನು ಗಿರಾಕಿಗೆ ಬಾಗಿಲು ತೆರೆಯಿತು. ಒಳಗೆ ಎಂಜಲು ಎತ್ತುವವನ ಮರ್ಯಾದೆಯ ಬಗ್ಗೆ ಯಾವ ವಿಧಿಯೂ ಏನೂ ಹೇಳಲಿಲ್ಲ.

ಅವನ ದುಡಿಮೆಯ ಗಂಟೆಗಳ ಬಗ್ಗೆ ಮಾತ್ರ ಮುಂಬಯಿ ಪ್ರಾಂತ ಬೇಗ ಎಚ್ಚೆತ್ತಿತ್ತು. 1939ರಲ್ಲೇ ಇಲ್ಲಿ ಅಂಗಡಿ ಮತ್ತು ಸಂಸ್ಥೆಗಳ ಕಾಯ್ದೆ ಆಯಿತು. ಅದರ ಜಾಗಕ್ಕೆ ಬಂದ 1948ರ ಕಾಯ್ದೆಯಲ್ಲಿ ಹೋಟೆಲ್ ನೌಕರರಿಗೆ ದಿನಕ್ಕೆ ಒಂಬತ್ತು ಗಂಟೆ ಕೆಲಸ, ವಾರಕ್ಕೊಂದು ರಜೆ ಅಂತ ಬರೆದಿತ್ತು. ಬರೆದಿತ್ತು ಅಷ್ಟೇ! ಹೋಟೆಲಿನಲ್ಲೇ ಉಂಡು ಹೋಟೆಲಿನಲ್ಲೇ ಮಲಗುವವನಿಗೆ ಡ್ಯೂಟಿ ಎಲ್ಲಿ ಮುಗಿಯುತ್ತದೆ, ಮನೆ ಎಲ್ಲಿ ಶುರುವಾಗುತ್ತದೆ?

ಇದನ್ನು ಕೇಳಲು ಯೂನಿಯನ್ನುಗಳು ಬಂದವು. ಮಂಗಳೂರಿನ ಜಾರ್ಜ್ ಫರ್ನಾಂಡಿಸ್ ಇಪ್ಪತ್ತರ ಹರೆಯಕ್ಕೂ ಮುಂಚೆಯೇ ಊರಿನ ಹೋಟೆಲ್ ಮತ್ತು ಸಾರಿಗೆ ಕೆಲಸಗಾರರನ್ನು ಸಂಘಟಿಸಿದವರು. ಆಮೇಲೆ ಮುಂಬಯಿಗೆ ಬಂದು ಇಲ್ಲಿಯ ಕಾರ್ಮಿಕರ ನಾಯಕರಾದರು. 1967ರಲ್ಲಿ ದಕ್ಷಿಣ ಮುಂಬಯಿಯಲ್ಲಿ ಎಸ್. ಕೆ. ಪಾಟೀಲರನ್ನು ಸೋಲಿಸಿದ್ದು ಎಲ್ಲರಿಗೂ ಗೊತ್ತು. ಆದರೆ ಹೋಟೆಲಿನಲ್ಲಿ ಯೂನಿಯನ್ ಕಟ್ಟುವುದು ಗಿರಣಿಯಲ್ಲಿ ಕಟ್ಟಿದಷ್ಟು ಸುಲಭವಲ್ಲ. ಧಣಿ ಊರಿನವನು, ಕೆಲವೊಮ್ಮೆ ಸ್ವಂತ ಮಾವನೇ. ಊರಿನ ಕೋಲಕ್ಕೆ, ಮದುವೆಗೆ ಅವನ ಮುಖ ನೋಡಬೇಕು. ಮಾವನ ವಿರುದ್ಧ ಬಾವುಟ ಹಿಡಿಯುವುದು ಹೇಗೆ?

1966ರ ನಂತರದ ವರ್ಷಗಳು ಬೇರೆಯದೇ ಕಷ್ಟ ತಂದವು. ಆ ವರ್ಷ ಹುಟ್ಟಿದ ಶಿವಸೇನೆಯ ಸಿಟ್ಟು ಮೊದಲು ತಿರುಗಿದ್ದು ದಕ್ಷಿಣದವರ ಮೇಲೆ, ಉಡುಪಿ ಹೋಟೆಲುಗಳ ಮೇಲೂ ಕಲ್ಲು ಬಿತ್ತು. ಬೆಳಿಗ್ಗೆ ಇಡ್ಲಿ ತಿನ್ನುವವನಿಗೆ ಸಾಂಬಾರ್ ಬೇಕಿತ್ತು, ಅದನ್ನು ತಂದುಕೊಡುವವನು ಬೇಡವಾಗಿದ್ದ. ಆ ದಿನಗಳಲ್ಲಿ ‘ಲುಂಗಿವಾಲಾ’ ಅನ್ನುವ ಹಂಗಿಸುವ ಮಾತು ಕೇಳಿಯೂ ತಲೆತಗ್ಗಿಸಿ ನೀರಿಟ್ಟ ಹುಡುಗರು ನಮ್ಮವರು. ಇದನ್ನು ನೆನಪಿಟ್ಟುಕೊಳ್ಳಿ, ಕೊನೆಗೆ ಬೇಕಾಗುತ್ತದೆ.

ಅಂದ ಹಾಗೆ, ಟಿಪ್ಸು ಯಾರಿಗೆ ಸೇರಬೇಕು ಎಂಬ ಜಗಳವೂ ಹಳೆಯದೇ. ಕೆಲವು ಹೋಟೆಲುಗಳಲ್ಲಿ ತೆಗೆದುಕೊಂಡವನದೇ. ಕೆಲವು ಕಡೆ ಗಲ್ಲೆಯ ಪಕ್ಕ ಒಂದು ಡಬ್ಬಿ, ರಾತ್ರಿ ಎಣಿಸಿ ಎಲ್ಲರಿಗೂ ಪಾಲು. ಡಬ್ಬಿ ಇಲ್ಲದ ಕಡೆ ದೋಸೆ ಹೊಯ್ದ ಭಟ್ಟರಿಗೆ, ಒಳಗೆ ಪಾತ್ರೆ ತೊಳೆಯುವವನಿಗೆ ಏನೂ ಇಲ್ಲ. ಗಿರಾಕಿಯ ಕಣ್ಣಿಗೆ ಬೀಳದವನಿಗೆ ಗಿರಾಕಿಯ ಕಾಸೂ ಸಿಗುವುದಿಲ್ಲ.

ಜಗಳ ಸುಪ್ರೀಂ ಕೋರ್ಟಿನವರೆಗೂ ಹೋಗಿದೆ. ಜೈಪುರದ ರಾಮಬಾಗ್ ಪ್ಯಾಲೆಸ್ ಹೋಟೆಲಿನ ನೌಕರರ ತುಟ್ಟಿಭತ್ಯೆಯ ವ್ಯಾಜ್ಯದಲ್ಲಿ, ಇವರಿಗೆ ಹೇಗೂ ಟಿಪ್ಸು ಬರುತ್ತದಲ್ಲ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ ಅಂತ ಆಡಳಿತದವರು ವಾದಿಸಿದರು. 1976ರಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಒಪ್ಪಲಿಲ್ಲ. ಟಿಪ್ಸು ಅತಿಥಿ ಕೊಟ್ಟದ್ದು, ಮಾಲೀಕನ ಜೇಬಿನಿಂದ ಬಂದದ್ದಲ್ಲ, ಆದ್ದರಿಂದ ಅದನ್ನು ತೋರಿಸಿ ಸಂಬಳ ತಗ್ಗಿಸುವಂತಿಲ್ಲ ಎಂಬುದು ಆ ತೀರ್ಪಿನ ತಿರುಳು. ಕಾರ್ಡಿನಲ್ಲಿ ಬಂದ ಟಿಪ್ಸನ್ನು ಹೋಟೆಲಿನವರು ನೌಕರರಿಗೆ ಹಂಚಿದರೆ ಅದು ಸಂಬಳವೇ ಎಂಬ ತೆರಿಗೆ ಪ್ರಶ್ನೆ ಐಟಿಸಿ ಪ್ರಕರಣದಲ್ಲಿ ಬಂತು. ಅಲ್ಲವೆಂದು ಸುಪ್ರೀಂ ಕೋರ್ಟು 2016ರಲ್ಲಿ ಹೇಳಿತು. ಅದು ನೌಕರರ ಪರವಾಗಿ ಹೋಟೆಲು ಹಿಡಿದುಕೊಂಡ ದುಡ್ಡು ಮಾತ್ರ. ಒಳ್ಳೆಯ ತೀರ್ಪುಗಳೇ. ಆದರೆ ಸಂಬಳವಲ್ಲ ಅಂದಮೇಲೆ ಅದಕ್ಕೆ ಪಿ.ಎಫ್. ಇಲ್ಲ. ಮೂವತ್ತು ವರ್ಷ ಟಿಪ್ಸನ್ನೇ ನಂಬಿ ದುಡಿದವನು ಮುದುಕನಾದಾಗ ಆ ದುಡ್ಡಿನ ಗುರುತೂ ಎಲ್ಲೂ ಇರುವುದಿಲ್ಲ.

ಈ ನಡುವೆ ಬೆಂಗಳೂರು ಪ್ರಶ್ನೆಯನ್ನು ಬೇರೆಯದೇ ರೀತಿಯಲ್ಲಿ ಬಗೆಹರಿಸಿತು. 1983ರಲ್ಲಿ ಜಯನಗರದಲ್ಲಿ ಕೆಫೆ ದರ್ಶಿನಿ ಬಂತು. ಕೂಪನ್ ತಗೋ, ನೀನೇ ತಟ್ಟೆ ತಗೋ, ನಿಂತು ತಿನ್ನು. ಸಪ್ಲಾಯರೂ ಇಲ್ಲ, ಟಿಪ್ಸೂ ಇಲ್ಲ, ರೇಟೂ ಕಡಿಮೆ. ಆದರೆ ಟೇಬಲ್ ಒರೆಸುವ ಹುಡುಗ ಅಲ್ಲೂ ಉಳಿದ. ಅವನ ಜೊತೆ ಮಾತಾಡುವ ಅಗತ್ಯ ಮಾತ್ರ ಯಾರಿಗೂ ಉಳಿಯಲಿಲ್ಲ.

ದೊಡ್ಡ ಹೋಟೆಲುಗಳವರು ಬಿಲ್ಲಿನಲ್ಲೇ ಸರ್ವಿಸ್ ಚಾರ್ಜ್ ಸೇರಿಸತೊಡಗಿದರು. ಅದು ಗಿರಾಕಿಯ ಇಷ್ಟಕ್ಕೆ ಬಿಟ್ಟದ್ದು ಅಂತ ಕೇಂದ್ರ ಸರಕಾರ 2017ರಲ್ಲಿ ಹೇಳಿತು. 2022ರ ಜುಲೈಯಲ್ಲಿ ಗ್ರಾಹಕ ರಕ್ಷಣಾ ಪ್ರಾಧಿಕಾರ ಮಾರ್ಗಸೂಚಿ ಹೊರಡಿಸಿದಾಗ ಹೋಟೆಲ್ ಸಂಘಗಳು ದೆಹಲಿ ಹೈಕೋರ್ಟಿಗೆ ಹೋದವು. 2025ರ ಮಾರ್ಚ್ 28ರಂದು ಹೈಕೋರ್ಟು, ಸರ್ವಿಸ್ ಚಾರ್ಜನ್ನು ಕಡ್ಡಾಯ ಮಾಡುವಂತಿಲ್ಲ ಅಂತ ತೀರ್ಪು ಕೊಟ್ಟಿತು. ಗಿರಾಕಿಗೆ ಗೆಲುವು. ನಾವೂ ಈಗ ಧೈರ್ಯವಾಗಿ ‘ಅದನ್ನು ತೆಗೆಯಿರಿ’ ಅನ್ನುತ್ತೇವೆ. ತೆಗೆಸಿದ ದುಡ್ಡಿನಲ್ಲಿ ಒಂದಿಷ್ಟನ್ನು ಬಡಿಸಿದವನ ಕೈಗೆ ಕೊಡುವವರು ಎಷ್ಟು ಮಂದಿ?

ಕೊಡೋಣವೆಂದರೆ ಕಾಸೂ ಇಲ್ಲ. 2011ರ ಜೂನ್ 30ಕ್ಕೆ ನಾಲ್ಕಾಣೆ ನಾಣ್ಯ ಚಲಾವಣೆಯಿಂದ ಹೋಯಿತು. 2016ರಲ್ಲಿ ಯುಪಿಐ ಬಂತು. ಈಗ ಫೋನು ತೋರಿಸಿದರೆ ಪೈಸೆಗೆ ಪೈಸೆ ಲೆಕ್ಕ ಚುಕ್ತಾ. ದುಡ್ಡು ನೇರ ಗಲ್ಲೆಯ ಖಾತೆಗೆ. ಬಡಿಸಿದವನ ಮುಖ ನೋಡಬೇಕಾದ ಕೊನೆಯ ಕ್ಷಣವೂ ಇಲ್ಲದಾಯಿತು.

ಬಡಿಸುವವರೂ ಬದಲಾದರು. ಹದಿನಾಲ್ಕಕ್ಕಿಂತ ಚಿಕ್ಕ ಮಕ್ಕಳನ್ನು ಹೋಟೆಲು, ಢಾಬಾ, ಚಹಾ ಅಂಗಡಿಗಳಲ್ಲಿ ದುಡಿಸುವುದನ್ನು 2006ರ ಅಕ್ಟೋಬರ್ 10ರಿಂದ ನಿಷೇಧಿಸಲಾಯಿತು. ಬಹಳ ತಡವಾಗಿ ಬಂದ ನಿಷೇಧ. ಅಷ್ಟರೊಳಗೆ ನಮ್ಮ ಎರಡು ಮೂರು ತಲೆಮಾರಿನ ಮಾಣಿಗಳ ಬಾಲ್ಯ ಮೋರಿಯ ಪಕ್ಕ ಕಪ್ಪು ತೊಳೆಯುವುದರಲ್ಲೇ ಮುಗಿದಿತ್ತು. ಕರಾವಳಿಯ ಹುಡುಗರು ಓದಿ ಬೇರೆ ಕೆಲಸ ಹಿಡಿದರು. ಈಗ ಉಡುಪಿ ಹೋಟೆಲಿಗೆ ಹೋಗಿ ತುಳುವಿನಲ್ಲೋ ಕನ್ನಡದಲ್ಲೋ ‘ನೀರು ಕೊಡಪ್ಪ’ ಅಂದರೆ ಎದುರಿಗಿದ್ದವನು ಪಿಳಿಪಿಳಿ ನೋಡುತ್ತಾನೆ. ಅವನು ಒಡಿಶಾದವನು, ಬಿಹಾರದವನು, ಇಲ್ಲವೇ ನೇಪಾಳದವನು.

ನನ್ನನ್ನು ಕಾಡುವುದು ಇದೇ. ಇದೇ ನಗರದಲ್ಲಿ ‘ಏ ಛೋಕ್ರಾ’ ಅನ್ನಿಸಿಕೊಂಡವರ ಮಕ್ಕಳು, ಮೊಮ್ಮಕ್ಕಳು ನಾವು. ಈಗ ಗಲ್ಲೆಯ ಮೇಲೆ ನಾವಿದ್ದೇವೆ, ಎ.ಸಿ. ಕೋಣೆಯ ಟೇಬಲಿನಲ್ಲೂ ನಾವಿದ್ದೇವೆ. ಚಿಟಿಕೆ ಹೊಡೆದು ‘ಏ ಭಯ್ಯಾ’ ಅಂತ ಕರೆಯುವ ದನಿಗಳಲ್ಲಿ ನಮ್ಮವರದೂ ಸಾಕಷ್ಟಿದೆ. ನಮ್ಮ ಹುಡುಗರ ಭಾಷೆ, ಲುಂಗಿ ಆಡಿಕೊಂಡಾಗ ನೋವಾಗಿತ್ತಲ್ಲ, ಈ ಹುಡುಗರ ಹಿಂದಿಯನ್ನು ನಾವು ಆಡಿಕೊಳ್ಳುವಾಗ ಆ ನೋವು ಎಲ್ಲಿ ಹೋಯಿತು?

ಟಿಪ್ಸು ಕೊಟ್ಟುಬಿಟ್ಟರೆ ಈ ಲೆಕ್ಕ ಮುಗಿಯುವುದಿಲ್ಲ. ಸಂಬಳ ಮಾಲೀಕನ ಹೊಣೆ, ಗಂಟೆ ಮತ್ತು ರಜೆ ಕಾನೂನಿನ ಹೊಣೆ, ಹತ್ತು ರೂಪಾಯಿ ಬಿಟ್ಟು ಅವೆರಡನ್ನೂ ತೀರಿಸಿದೆವು ಅಂದುಕೊಳ್ಳುವುದು ಬೇಡ. ಗಿರಾಕಿಯ ಪಾಲಿಗೆ ಉಳಿಯುವುದು ಸಣ್ಣ ಕೆಲಸಗಳು. ಸಾಧ್ಯವಾದರೆ ನಗದನ್ನೇ ಕೈಗೆ ಕೊಡುವುದು. ಒಳಗಿನವರಿಗೂ ಪಾಲು ಇದೆಯೇ ಅಂತ ಕೇಳುವುದು. ದೋಸೆ ತಡವಾದರೆ ಹೊತ್ತುತಂದವನ ಮೇಲೆ ಹಾರಾಡದಿರುವುದು. ದಿನಾ ಹೋಗುವ ಹೋಟೆಲಾದರೆ ಅವನ ಹೆಸರು ತಿಳಿದುಕೊಂಡಿರುವುದು.

ಇನ್ನೊಂದು ಮಾತು. ನಿಮ್ಮ ಮನೆಯಲ್ಲೂ ಮುಂಬಯಿಯ, ಪುಣೆಯ ಹೋಟೆಲುಗಳಲ್ಲಿ ದುಡಿದ ಹಿರಿಯರಿರಬಹುದು. ಎಷ್ಟು ದುಡಿದಿರಿ ಅಂತ ಎಲ್ಲರೂ ಕೇಳಿರುತ್ತಾರೆ. ಗಿರಾಕಿಗಳು ನಿಮ್ಮನ್ನು ಏನಂತ ಕರೆಯುತ್ತಿದ್ದರು, ಮೊದಲ ಟಿಪ್ಸಿನಲ್ಲಿ ಏನು ಕೊಂಡಿರಿ ಅಂತ ಒಮ್ಮೆ ಕೇಳಿ ನೋಡಿ. ಹೇಳಿದ್ದನ್ನು ಬರೆದಿಡಿ. ಆ ಚರಿತ್ರೆ ಯಾವ ಧಣಿಯ ಲೆಕ್ಕದ ಪುಸ್ತಕದಲ್ಲೂ ಇಲ್ಲ.