ಬೀದರ್: ಕೋಟೆ ನಗರದ ಝರಿ ಕ್ಷೇತ್ರಗಳು

ರಾಜ್ಯದ ಈಶಾನ್ಯ ತುದಿಯಲ್ಲಿ, ಜಂಬಿಟ್ಟಿಗೆ ಕಲ್ಲಿನ ಪ್ರಸ್ಥಭೂಮಿಯ ಅಂಚಿನಲ್ಲಿರುವ ಬೀದರ್ ಐತಿಹಾಸಿಕ ಕೋಟೆ ನಗರ. 15ನೇ ಶತಮಾನದಲ್ಲಿ ಬಹಮನಿ ಅರಸ ಅಹ್ಮದ್ ಷಾ ವಲಿ ತನ್ನ ರಾಜಧಾನಿಯನ್ನು ಕಲಬುರಗಿಯಿಂದ ಇಲ್ಲಿಗೆ ವರ್ಗಾಯಿಸಿದನು. ಸಮೀಪದ ಅಷ್ಟೂರಿನಲ್ಲಿರುವ ಆತನ ಗೋರಿಯ ಜಾತ್ರೆಯಲ್ಲಿ ಹಿಂದೂಗಳೂ ಮುಸಲ್ಮಾನರೂ ಪಾಲ್ಗೊಳ್ಳುತ್ತಾರೆ. ಕೋಟೆಯೊಳಗಿನ ರಂಗೀನ್ ಮಹಲ್, ಸೋಲಾ ಖಂಬ ಮಸೀದಿ ಹಾಗೂ ನಗರದಲ್ಲಿ 1472ರಲ್ಲಿ ನಿರ್ಮಾಣವಾದ ಮಹಮೂದ್ ಗವಾನನ ಮದರಸಾ ನೋಡತಕ್ಕ ತಾಣಗಳು.

ಮಳೆನೀರನ್ನು ಹೀರಿಟ್ಟುಕೊಳ್ಳುವ ಜಂಬಿಟ್ಟಿಗೆಯೇ ಇಲ್ಲಿನ ಝರಿಗಳಿಗೆ ಆಧಾರ. ಝರಣಿ ನರಸಿಂಹ ಕ್ಷೇತ್ರದಲ್ಲಿ ಭಕ್ತರು ಗುಹೆಯೊಳಗಿನ ಎದೆಮಟ್ಟದ ನೀರಿನಲ್ಲಿ ನಡೆದು ದರ್ಶನ ಪಡೆಯುತ್ತಾರೆ. ಸಿಖ್ಖರ ಪವಿತ್ರ ಕ್ಷೇತ್ರವಾದ ನಾನಕ್ ಝೀರಾ ಗುರುದ್ವಾರದ ಬುಗ್ಗೆಯು ಗುರು ನಾನಕರ ಕೃಪೆಯಿಂದ ಉಕ್ಕಿತೆಂಬ ಪ್ರತೀತಿಯಿದೆ. ನೌಬಾದಿನಲ್ಲಿ ಬಹಮನಿ ಕಾಲದ ಕರೇಜ್, ಅಂದರೆ ನೆಲದಡಿಯ ಸುರಂಗ ಕಾಲುವೆಯನ್ನು ಕಾಣಬಹುದು.

ನೆಲವೆಲ್ಲ ಕಟ್ಟಡಗಳಿಂದ ಮುಚ್ಚಿ, ಕೊಳವೆಬಾವಿಗಳು ಹೆಚ್ಚಿದಲ್ಲಿ ಈ ಜಲಮೂಲಗಳು ಬತ್ತುವ ಅಪಾಯವಿದೆ. ಅವು ಬತ್ತಿದರೆ ಕ್ಷೇತ್ರಗಳ ಜೀವವೇ ಹೋದಂತೆ. ಆದ್ದರಿಂದ ಸಂದರ್ಶಕರು ನೀರಿನ ಬಳಿ ಸೋಪು, ಪ್ಲಾಸ್ಟಿಕ್ ಬಳಸದಿರುವುದು ಅಗತ್ಯ. ಗುಹಾ ದರ್ಶನಕ್ಕೆ ಹೊರಡುವವರು ನೀರಿನ ಮಟ್ಟವನ್ನು ಮೊದಲೇ ವಿಚಾರಿಸಿ, ಬದಲಿ ಉಡುಪು ಕೊಂಡೊಯ್ಯುವುದು ಒಳಿತು.